ಒಳಾಂಗಣ ಇರೋದು ಆಟಕ್ಕೆ, ಚೇರ್ ಹಾಕೋಕಲ್ಲ

1/8
ಕಳೆದ ಮಳೆಗಾಲ, ಸಂಜೆ ಐದೂವರೆ. ಕಿಟ್ ಬ್ಯಾಗ್ ಹಾಕ್ಕೊಂಡು ಒಂದು ಒಳಾಂಗಣ ಕ್ರೀಡಾಂಗಣಕ್ಕೆ ಹೋದ್ವಿ. ಒಳಗೆ ಶಾಮಿಯಾನದವರು ಬಟ್ಟೆ ಕಟ್ತಿದ್ರು. ಕೋರ್ಟ್ ಮೇಲೆ ಕಬ್ಬಿಣದ ಚೇರ್ ಎಳೀತಿದ್ರು. "ಇವತ್ತು ಫಂಕ್ಷನ್ ಐತೆ, ನಾಳಿದ್ದು ಬನ್ರಪ್ಪ" ಅಂದ್ರು ವಾಚ್‌ಮನ್ ಅಣ್ಣ. ಅವರದ್ದೇನೂ ತಪ್ಪಿಲ್ಲ. ಯಾವ ಊರು, ಯಾವ ಒಳಾಂಗಣ ಅಂತ ಹೇಳಲ್ಲ. ಓದ್ತಿದ್ದ ಹಾಗೇ ನಿಮ್ಮೂರಿನದು ನೆನಪಾದ್ರೆ, ಈ ಪೋಸ್ಟ್ ನಿಮಗೇ. ಪೂರ್ತಿ ಓದಿ 👉

2/8
"ಗ್ರೌಂಡ್‌ನಲ್ಲಿ ಆಡ್ಕೊಳಿ, ಒಳಾಂಗಣನೇ ಯಾಕೆ ಬೇಕು?"
ಯಾಕಂದ್ರೆ ಶಟಲ್ ಕಾಕ್ ತೂಕ ಸುಮಾರು 5 ಗ್ರಾಂ. ಸಣ್ಣ ಗಾಳಿ ಬೀಸಿದ್ರೂ ಅದು ನಿಮ್ಮ ಮಾತು ಕೇಳಲ್ಲ. ಯಾಕಂದ್ರೆ ಮಳೆ ಬಂದ್ರೆ ಹೊರಗಿನ ಕಬಡ್ಡಿ ಅಂಕಣ ಕೆಸರುಗದ್ದೆ. ಯಾಕಂದ್ರೆ ಸಂಜೆ ಆರಾದ್ಮೇಲೆ ಹುಡುಗೀರಿಗೆ ಲೈಟು, ಟಾಯ್ಲೆಟ್ಟು, ಬಾಗಿಲು ಇರೋ ಜಾಗ ಬೇಕು. ಇಲ್ಲಾಂದ್ರೆ ಮನೇಲಿ ಕಳಿಸಲ್ಲ. ಒಳಾಂಗಣ ಅಂದ್ರೆ ಐಷಾರಾಮ ಅಲ್ಲ, ಕೆಲವು ಆಟಕ್ಕೆ ಅದೇ ಮೈದಾನ.

3/8
ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದ ಕಥೆ ಕೇಳಿ. ಆ ಹೆಸರು ಮೈಸೂರು ದೊರೆ ರಣಧೀರ ಕಂಠೀರವ ನರಸರಾಜ ಒಡೆಯರದ್ದು. 17ನೇ ಶತಮಾನದವರು. ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ, ಅಲ್ಲಿನ ಹೆಸರಾಂತ ಜಟ್ಟಿಯನ್ನ ಸೋಲಿಸಿ ಬಂದ್ರು ಅಂತ ಕಥೆ. ಅಂದ್ರೆ ಆ ಕಟ್ಟಡಕ್ಕೆ ಇರೋದೇ ಒಬ್ಬ ಕುಸ್ತಿಪಟುವಿನ ಹೆಸರು.
ಕ್ರೀಡಾಂಗಣದ ಜಾಗ ಸಂಪಂಗಿ ಕೆರೆಯದ್ದು. ಒಂದು ಕೆರೆಯನ್ನೇ ಕಳ್ಕೊಂಡು ಆಟಕ್ಕೆ ಜಾಗ ಪಡೆದ ಊರು ಅದು. ಹಾಗಿರುವಾಗ ಅಲ್ಲಿ ಆಡದೇ ಇದ್ರೆ ನಷ್ಟ ಎರಡು ಸಲ.

4/8
ಆಡಲು ಬಿಟ್ಟಾಗ ಏನಾಯ್ತು ನೋಡಿ. ಜುಲೈ 2017, ಅದೇ ಒಳಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್. ಬಿ ಡಿವಿಷನ್ ಫೈನಲ್‌ನಲ್ಲಿ ಭಾರತ ಕಜಕಿಸ್ತಾನವನ್ನ 75-73ರಲ್ಲಿ ಸೋಲಿಸಿ ಎ ಡಿವಿಷನ್‌ಗೆ ಏರಿತು. ಎರಡೇ ಪಾಯಿಂಟ್! ನಮ್ಮವರ ಕೂಗಿಗೂ ಅದರಲ್ಲಿ ಪಾಲಿದೆ ಅಂತ ನಾನು ನಂಬ್ತೀನಿ.
ಜಾಗ ಸಿಗದಿದ್ದಾಗ? ಅದೇ 2017ರಲ್ಲಿ ಬೆಂಗಳೂರು ಬುಲ್ಸ್ ತನ್ನ "ತವರಿನ" ಕಬಡ್ಡಿ ಪಂದ್ಯಗಳನ್ನ ಆಡಿದ್ದು ನಾಗ್ಪುರದಲ್ಲಿ. ಹೆಸರು ಬೆಂಗಳೂರು, ತವರು ಮಹಾರಾಷ್ಟ್ರ. ಪ್ರೊ ಟೀಮಿಗೇ ಈ ಗತಿ ಆದ್ರೆ ಪಿಯುಸಿ ಹುಡುಗರ ಟೀಮ್ ಯಾವ ಲೆಕ್ಕ?

5/8
"ಕಷ್ಟಕಾಲದಲ್ಲಿ ಬೇರೆ ಕೆಲಸಕ್ಕೂ ಬೇಕಲ್ವಾ?" ಖಂಡಿತ ಬೇಕು. 2020ರಲ್ಲಿ ಕೋರಮಂಗಲ ಒಳಾಂಗಣ ಕೋವಿಡ್ ಆರೈಕೆ ಕೇಂದ್ರ ಆಯ್ತು. ಆಗ ಯಾರೂ ಬ್ಯಾಟ್ ಹಿಡ್ಕೊಂಡು ಜಗಳಕ್ಕೆ ಹೋಗ್ಬಾರದು. ನೆರೆ ಬಂದ್ರೂ ಅಷ್ಟೇ, ಮೊದಲು ಜನ, ಆಮೇಲೆ ಆಟ.
ಆದ್ರೆ ಸನ್ಮಾನ ಸಮಾರಂಭ ವಿಪತ್ತಲ್ಲ ಗುರು.

6/8
"ಬಾಡಿಗೆ ದುಡ್ಡಿಲ್ಲದೆ ಮೇಂಟೆನೆನ್ಸ್ ಹೆಂಗೆ?" ಇದು ಸರಿಯಾದ ಪ್ರಶ್ನೆ. ಉತ್ತರ ಕೂಡ ಇದೆ. ಮರದ ನೆಲದ ಕೆಳಗೆ ಪಟ್ಟಿ ಹಾಕಿರ್ತಾರೆ. ಜಿಗಿದಾಗ ಮಂಡಿ ಮೇಲೆ ಬೀಳೋ ಹೊಡೆತವನ್ನ ಅದು ತಗೊಳ್ಳುತ್ತೆ. ಅದರ ಮೇಲೆ ವೇದಿಕೆ ನಿಲ್ಲಿಸಿ, ಚೇರ್ ಎಳೆದು, ನೀರು ಚೆಲ್ಲಿದ್ರೆ ಹಲಗೆ ಉಬ್ಬುತ್ತೆ. ಬಂದ ಬಾಡಿಗೆ ರಿಪೇರಿಗೇ ಹೋದ್ರೆ ಲಾಭ ಯಾರಿಗೆ?
ಇನ್ನೊಂದು ಮಾತು. ನಾಟಕಕ್ಕೆ ನಾಟಕದ್ದೇ ಮನೆ ಬೇಕು ಅಂತ ನಮ್ಮ ಗುಬ್ಬಿ ವೀರಣ್ಣನವರಿಗೆ ಗೊತ್ತಿತ್ತು, ಥಿಯೇಟರ್ ಕಟ್ಟಿಸಿದ್ರು. ಅವರ ಹೆಸರಿನ ಕಲಾಕ್ಷೇತ್ರ ತುಮಕೂರಲ್ಲೇ ಇದೆ. ಅದರ ವೇದಿಕೆ ಮೇಲೆ ನಾವು ವಾಲಿಬಾಲ್ ನೆಟ್ ಕಟ್ಟಿದ್ರೆ ಸುಮ್ನೆ ಬಿಡ್ತಾರಾ? ಹಾಗಾದ್ರೆ ನಮ್ಮ ಕೋರ್ಟ್ ಮೇಲೆ ಅವರ ಚೇರ್ ಯಾಕೆ?

7/8
2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಮಹಾತ್ಮ ಗಾಂಧಿ ಕ್ರೀಡಾಂಗಣ ಅದೇ ಯೋಜನೆಯಲ್ಲಿ ಹೊಸ ರೂಪ ಪಡೀತು. ಖುಷಿ ವಿಷಯ. ಆದ್ರೆ ಕಟ್ಟೋದು ಅರ್ಧ ಕೆಲಸ, ದಿನಾ ಬಾಗಿಲು ತೆಗೆಯೋದು ಇನ್ನರ್ಧ. ಗುಬ್ಬಿಯಿಂದ 20 ಕಿ.ಮೀ. ಬಸ್ಸಲ್ಲಿ ಬರೋ ಹುಡುಗನಿಗೆ, ಕುಣಿಗಲ್‌ನಿಂದ ಅದರ ಹೆಚ್ಚುಕಮ್ಮಿ ಎರಡರಷ್ಟು ದೂರ ಬರೋ ಹುಡುಗಿಗೆ, ಜಿಲ್ಲೆಯ ಯಾವ ಒಳಾಂಗಣಕ್ಕೆ ಹೋದ್ರೂ ಬಾಗಿಲು ತೆಗೆದಿರುತ್ತಾ ಅಂತ ಮೊದಲೇ ಗೊತ್ತಾಗ್ಬೇಕು.
ಕುಣಿಗಲ್ ಕುದುರೆ ಫಾರ್ಮ್ 400 ಎಕರೆಗೂ ಹೆಚ್ಚು. ಟಿಪ್ಪು ಕಾಲದಿಂದ ಇದೆ ಅಂತಾರೆ. ಕುದುರೆ ಓಡೋಕೆ ಬಯಲು ಬೇಕು ಅಂತ ಅವತ್ತೇ ಅರ್ಥ ಆಗಿತ್ತು. ಮಕ್ಕಳು ಆಡೋಕೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಒಂದು ಬ್ಯಾಸ್ಕೆಟ್‌ಬಾಲ್ ಕೋರ್ಟ್ ಬೇಕು ಅಂತ ಇನ್ನೂ ವಾದ ಮಾಡ್ಬೇಕಾ?

8/8
ನಾವು ಕೇಳೋದು ಮೂರೇ:
🏸 ಯಾವ ಹೊತ್ತು ಯಾವ ಆಟ ಅಂತ ಬಾಗಿಲ ಮೇಲೆ ವೇಳಾಪಟ್ಟಿ.
🏀 ದಿನಾ ಸಂಜೆ ಎರಡು ಗಂಟೆ ವಿದ್ಯಾರ್ಥಿಗಳಿಗೆ ಫ್ರೀ. ಅದನ್ನ ಯಾವ ಫಂಕ್ಷನ್ನಿಗೂ ಕೊಡಂಗಿಲ್ಲ.
🤼 ಬಾಡಿಗೆ ಎಷ್ಟು ಬಂತು, ನೆಲಕ್ಕೆ ಎಷ್ಟು ಖರ್ಚಾಯ್ತು ಅನ್ನೋ ಲೆಕ್ಕ ಎಲ್ಲರಿಗೂ ಕಾಣೋ ಹಾಗೆ.

ಕೇಳಿದ್ರೆ ಏನಾಗುತ್ತೆ ಅಂತೀರಾ? 2022ರಲ್ಲಿ ದೆಹಲಿಯ ತ್ಯಾಗರಾಜ ಕ್ರೀಡಾಂಗಣದಲ್ಲಿ ಅಧಿಕಾರಿಯೊಬ್ಬರ ನಾಯಿ ವಾಕಿಂಗ್‌ಗೋಸ್ಕರ ಆಟಗಾರರನ್ನ ಸಂಜೆ 7ಕ್ಕೇ ಹೊರಗೆ ಕಳಿಸ್ತಾರೆ ಅಂತ ಪತ್ರಿಕೆಯಲ್ಲಿ ಬಂತು. ಅಲ್ಲಿನ ಸರ್ಕಾರ ತನ್ನ ಕ್ರೀಡಾಂಗಣಗಳನ್ನೆಲ್ಲ ರಾತ್ರಿ 10ರವರೆಗೆ ತೆರೆದಿಡೋಕೆ ಹೇಳಿತು. ಆಟಗಾರರು ಬಾಯಿ ಬಿಟ್ಟಿದ್ದಕ್ಕೇ ಆ ಸುದ್ದಿ ಹೊರಗೆ ಬಂತು.

ನಮ್ಮ ಕೈಯಲ್ಲಿ ಮಾಹಿತಿ ಹಕ್ಕು ಇದೆ. ಶುಲ್ಕ 10 ರೂಪಾಯಿ, ಒಂದು ಪ್ಲೇಟ್ ಪಾನಿಪುರಿಗಿಂತ ಕಮ್ಮಿ. ಉತ್ತರಕ್ಕೆ 30 ದಿನ. ಪ್ರಶ್ನೆ ಒಂದೇ: "ಕಳೆದ ವರ್ಷ ಈ ಒಳಾಂಗಣದಲ್ಲಿ ಆಟ ಎಷ್ಟು ದಿನ, ಫಂಕ್ಷನ್ ಎಷ್ಟು ದಿನ?"

ನಾನು ಅರ್ಜಿ ಬರೀತಿದ್ದೀನಿ. ಜೊತೆಗೆ ಸಹಿ ಹಾಕೋರು ಕಾಮೆಂಟಲ್ಲಿ ನಿಮ್ಮ ಊರು, ಆಟ ಎರಡೂ ಬರೀರಿ. ಕೋರ್ಟ್ ಇದ್ದೂ ಆಡೋಕಾಗದ ಫ್ರೆಂಡ್‌ಗೆ ಇದನ್ನ ಕಳಿಸಿ.

#ಒಳಾಂಗಣಆಟಕ್ಕೆ #ತುಮಕೂರು #ಗುಬ್ಬಿ #ಕುಣಿಗಲ್ #ಬಾಗಿಲುತೆಗೀರಿ