ಚದರಡಿಯ ಲೆಕ್ಕಕ್ಕೆ ಸಿಗದ ದುಡಿಮೆ

ಬೆಂಗಳೂರಿನಲ್ಲಿ ಮನೆ ಕಟ್ಟಿಸಿದವರು ಗೃಹಪ್ರವೇಶದ ದಿನ ಬಂಧುಗಳಿಗೆ ಹೆಮ್ಮೆಯಿಂದ ತೋರಿಸುವುದು ನೆಲವನ್ನು. ಗ್ರಾನೈಟೇ ಆಗಲಿ, ಗುಜರಾತಿನ ಮೊರ್ಬಿಯಿಂದ ಬಂದ ವಿಟ್ರಿಫೈಡ್ ಟೈಲ್ಸೇ ಆಗಲಿ, ಚದರಡಿಗೆ ಎಷ್ಟು ಬಿತ್ತೆಂಬುದು ಅವರ ನಾಲಿಗೆಯ ತುದಿಯಲ್ಲಿರುತ್ತದೆ. ಅದನ್ನು ಹಾಸಿದವನಿಗೆ ದಿನಕ್ಕೆ ಎಷ್ಟು ಗಿಟ್ಟಿತೆಂದು ಕೇಳಿದರೆ ಮಾತ್ರ ಉತ್ತರವಿಲ್ಲ. ಕೂಲಿಯೂ ಚದರಡಿಯ ಲೆಕ್ಕದಲ್ಲೇ ನಡೆಯುವುದರಿಂದ ಆ ಪ್ರಶ್ನೆಯೇ ಏಳುವುದಿಲ್ಲ.

ನಮ್ಮ ಬಡಾವಣೆಗೆ ಕೆಲಸಕ್ಕೆ ಬರುವ ಟೈಲ್ಸ್ ಮೇಸ್ತ್ರಿಗಳನ್ನು ಮಾತಿಗೆಳೆದಾಗ ಈ ಲೆಕ್ಕದ ಒಳಗುಟ್ಟು ತಿಳಿಯಿತು. ಇಪ್ಪತ್ತು ಅಡಿಗೆ ಹದಿನೈದು ಅಡಿಯ ಹಾಲ್ ಎಂದರೆ 300 ಚದರಡಿ. ಐದಕ್ಕೆ ಎಂಟರ ಬಚ್ಚಲುಮನೆಯ ನೆಲ 40 ಚದರಡಿ. ಹಾಲ್‌ನಲ್ಲಿ ದಾರ ಕಟ್ಟಿ, ರಸಮಟ್ಟ ನೋಡಿ ಮೊದಲ ಸಾಲು ಹಿಡಿದರೆ ಮುಂದಿನದು ಸರಾಗ. ಬಚ್ಚಲಿನಲ್ಲಿ ಹಾಗಲ್ಲ, ನೀರು ಒಂದೇ ಮೂಲೆಗೆ ಹರಿಯುವಂತೆ ಇಳಿಜಾರು ಕೊಡಬೇಕು, ಪೈಪಿನ ಸುತ್ತ ದುಂಡಗೆ ಕತ್ತರಿಸಬೇಕು, ಮೂಲೆಗಳನ್ನು ಕೂಡಿಸಬೇಕು. ದಿನವಿಡೀ ಕುಕ್ಕರಗಾಲಲ್ಲಿ ದುಡಿದರೂ ಟೇಪಿಗೆ ಸಿಗುವುದು ಆ ನಲವತ್ತೇ. ಹಿಂದಿನ ಗುತ್ತಿಗೆದಾರ ಹಾಕಿದ ಕಾಂಕ್ರೀಟ್ ಏರುತಗ್ಗಾಗಿದ್ದರೆ ಸಮ ಮಾಡುವುದು ಬಹುತೇಕ ಪುಕ್ಕಟೆ. ಟೈಲ್ಸ್ ಲಾರಿ ಬಾರದೆ ಸುಮ್ಮನೆ ಕುಳಿತ ದಿನ ಯಾರ ಲೆಕ್ಕಕ್ಕೂ ಇಲ್ಲ.

‘ಟೈಲ್ಸ್ ದೊಡ್ಡದಿದ್ರೆ ಬೇಗ ಮುಗಿಯುತ್ತಲ್ಲ, ರೇಟ್ ಕಡಿಮೆ ಮಾಡು ಅಂತಾರೆ ಸಾರ್’ ಎಂದು ಒಬ್ಬರು ನಕ್ಕರು. ಎರಡಕ್ಕೆ ನಾಲ್ಕಡಿಯ ಒಂದು ಟೈಲ್ಸ್ ಸುಮಾರು 14 ಕಿಲೋ ತೂಗುತ್ತದೆ. ಒಬ್ಬನೇ ಎತ್ತಿ ಸಮನಾಗಿ ಕೂರಿಸಲಾಗದು. ಜೊತೆಗಾರನ ಕೂಲಿ ಮೇಸ್ತ್ರಿಯ ಜೇಬಿನಿಂದಲೇ ಹೋಗಬೇಕು.

ಹಾಗೆಂದು ಮೇಸ್ತ್ರಿಗಳೆಲ್ಲ ದಿನಗೂಲಿಯನ್ನೇ ಬಯಸುತ್ತಾರೆಂದಲ್ಲ. ಕೈ ಚುರುಕಾಗಿರುವವರು ಚದರಡಿಯನ್ನೇ ಮೆಚ್ಚುತ್ತಾರೆ. ದೊಡ್ಡ ಹಾಲ್‌ಗಳು ಸಿಕ್ಕ ತಿಂಗಳು ಚೆನ್ನಾಗಿಯೇ ದುಡಿಯುತ್ತಾರೆ. ಆದರೆ ನಷ್ಟದ ತಿಂಗಳಲ್ಲಿ ಶನಿವಾರದ ಬಟವಾಡೆ ಮೊದಲು ತಪ್ಪುವುದು ಸಿಮೆಂಟ್ ಕಲಸುವ ಕೈಯಾಳಿಗೆ.

ಇದನ್ನು ಕಾನೂನು ಅರಿಯದ್ದೇನಲ್ಲ. ತುಂಡುಗೂಲಿಯವನಿಗೂ ಸಮಯದ ಲೆಕ್ಕದ ಕನಿಷ್ಠ ಕೂಲಿ ತಪ್ಪಬಾರದೆಂಬ ತತ್ವ 1948ರ ಕನಿಷ್ಠ ವೇತನ ಕಾಯ್ದೆಯಲ್ಲೇ ಇತ್ತು. ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲೂ ಇದೆ. ತೊಡಕಿರುವುದು ಬೇರೆಡೆ. ಮೇಸ್ತ್ರಿ ಕಾರ್ಮಿಕನೋ, ಪುಟ್ಟ ಗುತ್ತಿಗೆದಾರನೋ? ಮನೆಯೊಡೆಯ ಮಾಲೀಕನೋ, ಬರೀ ಗಿರಾಕಿಯೋ? ಈ ಪ್ರಶ್ನೆಗಳ ನಡುವೆ ಹೊಣೆ ಯಾರ ಹೆಗಲಿಗೂ ಏರುವುದಿಲ್ಲ.

ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು 1996ರ ಕಾಯ್ದೆಯಡಿ ನಿರ್ಮಾಣ ವೆಚ್ಚದ ಮೇಲೆ ಸೆಸ್ ವಿಧಿಸಲಾಯಿತು. ಸ್ವಂತ ವಾಸಕ್ಕೆ 10 ಲಕ್ಷ ರೂಪಾಯಿಯೊಳಗೆ ಕಟ್ಟುವ ಮನೆಗೆ ಅಂದು ವಿನಾಯಿತಿಯಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಂಹಿತೆಗಳಲ್ಲಿ ಆ ಮಿತಿ 50 ಲಕ್ಷಕ್ಕೇರಿದೆ. ಮೂವತ್ತು ವರ್ಷಗಳ ಬೆಲೆಯೇರಿಕೆಯನ್ನು ನೋಡಿದರೆ ಏರಿಕೆ ಅಸಹಜವೇನಲ್ಲ ಎನ್ನಬಹುದು, ಮಧ್ಯಮ ವರ್ಗಕ್ಕೆ ಅದು ಹಿತವೂ ಹೌದು. ಆದರೆ ಟೈಲ್ಸ್ ಕೆಲಸದವರ ಬಹುಪಾಲು ದುಡಿಮೆ ಇಂಥ ಮನೆಗಳಲ್ಲೇ. ಕಲ್ಯಾಣ ಮಂಡಳಿಯ ಸವಲತ್ತಿಗೆ ವರ್ಷದಲ್ಲಿ 90 ದಿನ ದುಡಿದ ದಾಖಲೆ ಬೇಕು. ವಾರಕ್ಕೊಂದು ಮನೆ ಬದಲಿಸುವವನು ಎಷ್ಟು ಮನೆಯೊಡೆಯರ ಸಹಿ ಹುಡುಕಿಕೊಂಡು ಅಲೆಯಬೇಕು?

ದೂಳಿನ ಮಾತಂತೂ ಯಾರೂ ಎತ್ತುವುದಿಲ್ಲ. ಗ್ರಾನೈಟ್, ಟೈಲ್ಸ್‌ಗಳನ್ನು ನೀರಿಲ್ಲದೆ ಕತ್ತರಿಸಿದಾಗ ಏಳುವ ಸಿಲಿಕಾ ಕಣಗಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತವೆ. ಅದಕ್ಕೆ ಮದ್ದಿಲ್ಲ. ಕಾರ್ಖಾನೆಯಲ್ಲಾದರೆ ಆ ಕಾಯಿಲೆಯನ್ನು ವರದಿ ಮಾಡುವುದು ಕಡ್ಡಾಯ. ನಮ್ಮ ಹಾಲ್‌ನಲ್ಲಿ ಕೆಮ್ಮಿದವನ ವರದಿ ಯಾವ ಕಚೇರಿಗೂ ತಲುಪದು.

ಬೇರೆಯವರ ಮನೆಯಲ್ಲಿ ದುಡಿಯುವವನ ಪಾಡು ಇದಾದರೆ, ತನ್ನ ಮನೆಯನ್ನೇ ಕಾರ್ಯಾಗಾರ ಮಾಡಿಕೊಂಡ ಮರಗೆಲಸದವನ ಪಾಡೂ ಹೆಚ್ಚು ಭಿನ್ನವಲ್ಲ. ಚನ್ನಪಟ್ಟಣದಲ್ಲಿ ಹಾಲೆ ಮರದ ಬೊಂಬೆ ಮಾಡುವ ಹಲವರು ಮನೆಯಲ್ಲೇ ಲೇತ್ ಇಟ್ಟುಕೊಂಡವರು. ಅಲ್ಲಿ ಚದರಡಿಯ ಜಾಗದಲ್ಲಿ ಡಜನ್ನು, ಅಷ್ಟೇ ವ್ಯತ್ಯಾಸ. ವಿದ್ಯುತ್ತು, ಉಳಿಯ ಸವೆತ, ಕೈ ನೀಡುವ ಹೆಂಡತಿಯ ಹೊತ್ತು, ಮಕ್ಕಳು ಮಲಗುವ ಕೋಣೆಗೆ ನುಗ್ಗುವ ಮರದ ಪುಡಿ, ಇವ್ಯಾವುದೂ ಬೊಂಬೆಯ ದರದಲ್ಲಿ ಕಾಣಿಸುವುದಿಲ್ಲ. ಮನೆಯಲ್ಲೇ ದುಡಿಯುವವರಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಪ್ಪಂದವೊಂದನ್ನು ರೂಪಿಸಿದ್ದು ಕೂಡ 1996ರಲ್ಲೇ. ಭಾರತ ಅದನ್ನು ಅನುಮೋದಿಸಿಲ್ಲ.

ಮಿತಿ ಏರಿಸಿದ ಸರ್ಕಾರ, ವಿನಾಯಿತಿ ಪಡೆದ ಮನೆಗಳಲ್ಲಿ ದುಡಿಯುವವರ ನೋಂದಣಿಗೆ ಮನೆಯೊಡೆಯನ ಸಹಿ ಕೇಳದ ಸರಳ ದಾರಿಯನ್ನೂ ತೋರಿಸಬೇಕಿತ್ತು. ಕಟ್ಟಡದ ನಕ್ಷೆಗೆ ಅನುಮತಿ ಕೊಡುವ ಸ್ಥಳೀಯ ಸಂಸ್ಥೆಯ ಬಳಿ ವಿಳಾಸವಿದ್ದೇ ಇರುತ್ತದೆ. ಕೆಲಸಗಾರರ ಹೆಸರನ್ನೂ ಅಲ್ಲೇ ಬರೆದುಕೊಂಡರೆ ಆಯಿತು. ಅದಕ್ಕೆ ಕಾಯದೆ ನಾವು ಮಾಡಬಹುದಾದದ್ದೂ ಇದೆ. ಬಚ್ಚಲಿಗೆ ಚದರಡಿ ಬಿಟ್ಟು ಇಡಿಯಾಗಿ ದರ ಮಾತಾಡುವುದು, ಲಾರಿ ತಡವಾದ ದಿನಕ್ಕೆ ಅರ್ಧ ಕೂಲಿಯಾದರೂ ಕೊಡುವುದು, ಕಲ್ಲು ಕತ್ತರಿಸುವಲ್ಲಿಗೆ ಒಂದು ನೀರಿನ ಪೈಪು ಎಳೆದುಕೊಡುವುದು. ಇಟಾಲಿಯನ್ ಮಾರ್ಬಲ್ಲಿಗೆ ಚೌಕಾಸಿ ಮಾಡದವರಿಗೆ ಇದು ದೊಡ್ಡ ಖರ್ಚೇನಲ್ಲ.