ಹಿಂದಿನ ದೋಣಿಯಲ್ಲಿ ಕುಳಿತವರ ಮಾತು

ಕಳೆದ ವಾರ ನಮ್ಮ ಕಚೇರಿಗೆ ಒಂದು ಪತ್ರ ಬಂದಿತು. ಬರೆದವರು ಫೋರ್ಟ್ ಭಾಗದ ಕಚೇರಿಯೊಂದರಲ್ಲಿ ಗುಮಾಸ್ತರು. ನಮ್ಮ ಪತ್ರಿಕೆಯ ಹಳೆಯ ವಾಚಕರು. ತಪ್ಪಿಲ್ಲದ ಕನ್ನಡ ಬರೆಯುವವರು. ಅವರ ದೂರು ಇಷ್ಟೇ: ದೀಪಾವಳಿಯ ರಜೆಯಲ್ಲಿ ಸಾಲಿಗ್ರಾಮದ ಬಳಿ ಸೀತಾನದಿಯಲ್ಲಿ ಕಯಾಕ್ ದೋಣಿ ನಡೆಸಲು ನಾವು ಕರೆದುಕೊಂಡು ಹೋದ ತಂಡವನ್ನು, ಕೋಡಿ ಬೆಂಗ್ರೆಯ ಅಳಿವೆಯನ್ನು ತೋರಿಸದೆ, ಅರ್ಧ ದಾರಿಯಿಂದಲೇ ಹಿಂದಿರುಗಿಸಿದೆವು. ಹಣವನ್ನು ಪೂರ್ತಿ ತೆಗೆದುಕೊಂಡು ನದಿಯನ್ನು ಅರ್ಧ ತೋರಿಸುವುದು ಹೋಟೆಲಿನಲ್ಲಿ ಊಟದ ದುಡ್ಡು ಪಡೆದು ಸಾರಿನಲ್ಲೇ ಎಬ್ಬಿಸಿದಂತಲ್ಲವೇ ಎಂದು ಅವರು ಕೇಳಿದ್ದಾರೆ. ಇಪ್ಪತ್ತು ವರ್ಷ ಹೋಟೆಲು ನಡೆಸಿದ ನಮಗೆ ಈ ಹೋಲಿಕೆ ಚೆನ್ನಾಗಿಯೇ ತಾಗಿತು.

ಉತ್ತರವನ್ನು ಖಾಸಗಿಯಾಗಿ ಬರೆಯಬಹುದಾಗಿತ್ತು. ಆದರೆ ಆ ದಿನ ನೀರಿನ ಮೇಲಿದ್ದ ಹದಿನಾರು ಮಂದಿಯಲ್ಲಿ ಹೀಗೆಯೇ ಗೊಣಗಿದವರು ಇನ್ನೂ ನಾಲ್ಕೈದು ಜನರಿದ್ದಾರೆ. ಮುಂದೆ ಬರಲಿರುವವರೂ ಇದ್ದಾರೆ. ಆದುದರಿಂದ ಬಹಿರಂಗವಾಗಿಯೇ ಹೇಳಿಬಿಡುವುದು ಲೇಸೆಂದು ಕಂಡಿತು.

ಮೊದಲು ಈ ದೋಣಿಯ ವಿಷಯ. ಕಯಾಕ್ ಎಂಬುದು ನಮ್ಮ ಮೀನುಗಾರರ ದೋಣಿಯಲ್ಲ. ಉತ್ತರ ಧ್ರುವದ ಅಂಚಿನ ಗ್ರೀನ್‌ಲ್ಯಾಂಡ್ ಮೊದಲಾದ ಹಿಮದ ನಾಡುಗಳ ಜನರು ತೇಲಿಬಂದ ಕಟ್ಟಿಗೆಯಿಂದಲೋ ತಿಮಿಂಗಿಲದ ಎಲುಬಿನಿಂದಲೋ ಚೌಕಟ್ಟು ಕಟ್ಟಿ, ಅದಕ್ಕೆ ಸೀಲ್ ಪ್ರಾಣಿಯ ಚರ್ಮವನ್ನು ಹೊದಿಸಿ, ಬೇಟೆಗೆ ಹೋಗುತ್ತಿದ್ದ ಕಿರುದೋಣಿ ಅದು. ನಮ್ಮ ಹುಟ್ಟಿಗೆ ಒಂದೇ ತುದಿಯಲ್ಲಿ ಹಲಗೆ. ಇದರ ಹುಟ್ಟಿಗೆ ಎರಡು ತುದಿಗಳಲ್ಲೂ ಹಲಗೆ. ಈಗ ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ ದೊರೆಯುವವು ಪ್ಲಾಸ್ಟಿಕ್ಕಿನ, ಮೇಲ್ಭಾಗ ತೆರೆದಿರುವ, ಇಬ್ಬರು ಕುಳಿತುಕೊಳ್ಳುವ ದೋಣಿಗಳು. ಮಗುಚಿದರೆ ಮನುಷ್ಯ ಒಳಗೆ ಸಿಕ್ಕಿಕೊಳ್ಳುವುದಿಲ್ಲ. ನೀರಿಗೆ ಬೀಳುತ್ತಾನೆ, ಅಷ್ಟೆ. ಈ ‘ಅಷ್ಟೆ’ ಎಂಬ ಮಾತಿನ ಬಗ್ಗೆ ಮುಂದೆ ಹೇಳಬೇಕಾಗಿದೆ.

ಮುಂಬಯಿಯ ಹೋಟೆಲ್ ಕೆಲಸಗಾರರನ್ನು ಇಂಥ ಪ್ರವಾಸಕ್ಕೆ ಒಯ್ಯುತ್ತೇವೆಂದಾಗ ನಮ್ಮ ಸಹವ್ಯವಸಾಯಿಗಳು ಕೆಲವರು ನಕ್ಕರು. ಇದು ಉಳ್ಳವರ ಆಟ, ಗಟ್ಟಿಮುಟ್ಟಾದವರ ಆಟ ಎಂದರು. ೨೦೨೩ರಲ್ಲಿ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಕಯಾಕ್ ಸ್ಪರ್ಧೆಯ ಚಿನ್ನವನ್ನು ಗೆದ್ದ ಪ್ರಾಚಿ ಯಾದವರು ಕಾಲಿನ ಬಲವಿಲ್ಲದವರೆಂಬುದನ್ನು ಅವರಿಗೆ ನೆನಪಿಸಬೇಕಾಯಿತು. ನಮ್ಮ ಹುಡುಗರಿಗಂತೂ ತೋಳಿದೆ. ದಿನಕ್ಕೆ ಹತ್ತು ಗಂಟೆ ಹಿಟ್ಟು ನಾದಿದ ತೋಳಿಗೆ ಹುಟ್ಟು ಭಾರವೇ?

ಇವರಲ್ಲಿ ಬಹುಮಂದಿ ಕುಂದಾಪುರ, ಉಡುಪಿ ಕಡೆಯವರು. ಊರಿಗೆ ವರ್ಷಕ್ಕೊಮ್ಮೆ ಹೋಗುತ್ತಾರೆ. ಹೋದವರು ಮದುವೆ, ತಿಥಿ, ಜಾಗದ ತಕರಾರು, ಅಕ್ಕನ ಮನೆ, ಭಾವನ ಮನೆ ಎಂದು ತಿರುಗಿ, ರಜೆ ಮುಗಿದು, ಮತ್ಸ್ಯಗಂಧಾ ರೈಲು ಹತ್ತಿ ಬರುತ್ತಾರೆ. ತಮ್ಮೂರ ಹೊಳೆಯನ್ನು ಸೇತುವೆಯ ಮೇಲಿನಿಂದ ಬಸ್ಸಿನ ಕಿಟಕಿಯಲ್ಲಿ ಕಂಡದ್ದೇ ಹೊರತು ಅದರ ಮಧ್ಯದಲ್ಲಿ ಕುಳಿತು ಕಂಡವರಲ್ಲ. ಕಾಂಡ್ಲಾ ಗಿಡಗಳ ನಡುವಣ ಕಿರುಗಾಲುವೆಗಳಲ್ಲಿ, ಎರಡೂ ಕಡೆ ಬೇರುಗಳು ಬಿಲ್ಲಿನಂತೆ ಬಾಗಿ ನೀರಿಗೆ ಇಳಿದಿರುವಲ್ಲಿ, ಹುಟ್ಟನ್ನು ಅಡ್ಡ ಇಟ್ಟು ಸುಮ್ಮನೆ ತೇಲುವಾಗ ಮಾತುಗಾರರಾದ ಸಪ್ಲೈಯರುಗಳೂ ಮಾತು ನಿಲ್ಲಿಸುವುದನ್ನು ನಾವು ಪ್ರತಿ ವರ್ಷವೂ ಕಂಡಿದ್ದೇವೆ.

ಪಾತ್ರೆ ತೊಳೆಯುವ ಮೋರಿಯ ಕೆಲಸದ ಹುಡುಗನೊಬ್ಬ ಕಳೆದ ಸಲ ದೋಣಿಯ ಎರಡೂ ಬದಿಗೆ ಕೈಗಳನ್ನು ನೀರಿಗೆ ಇಳಿಬಿಟ್ಟು ಬಹಳ ಹೊತ್ತು ಕುಳಿತಿದ್ದ. ಏಕೆಂದು ಕೇಳಿದೆವು. “ಅಣ್ಣಯ್ಯಾ, ನೀರಗೆ ಕೈ ಇಟ್ಕಂಡ್ ಕೆಲ್ಸ ಇಲ್ದೆ ಕೂತದ್ದ್ ಇದೇ ಮೊದ್ಲ್” ಎಂದ. ತಂಡ ನಡೆಸುವವನಿಗೆ ಸಿಗುವ ಸಂಭಾವನೆ ಇದು. ಬೇರೆ ಸಂಭಾವನೆ ಏನೂ ಇಲ್ಲವೆಂಬುದನ್ನೂ ಪತ್ರಬರಹಗಾರರಿಗೆ ತಿಳಿಸುತ್ತೇವೆ. ಅವರಿಂದ ಪಡೆದ ಹಣವೆಲ್ಲ ದೋಣಿಯವರಿಗೆ, ಊಟಕ್ಕೆ, ಟೆಂಪೋದವನಿಗೆ ಸಂದಿದೆ.

ಇಬ್ಬರ ದೋಣಿಯ ಇನ್ನೊಂದು ಸೊಗಸುಂಟು. ಮುಂದೆ ಕುಳಿತವನ ಲಯಕ್ಕೆ ಹಿಂದಿನವನು ಹೊಂದಿಕೊಳ್ಳಬೇಕು. ಆದರೆ ದಿಕ್ಕು ಹಿಂದಿನವನ ಕೈಯಲ್ಲಿ. ಆದುದರಿಂದ ನಾವು ಬೇಕೆಂದೇ ಗಲ್ಲಾದಲ್ಲಿ ಕೂರುವವರನ್ನು ಮುಂದೆಯೂ ಅಡಿಗೆಯ ಭಟ್ಟರನ್ನು ಹಿಂದೆಯೂ ಕೂರಿಸುತ್ತೇವೆ. ಮೊದಲ ಅರ್ಧ ಗಂಟೆ ದೋಣಿ ನೀರಿನಲ್ಲಿ ರಂಗೋಲಿ ಬಿಡಿಸುತ್ತದೆ. ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾರೆ. ಆಮೇಲೆ ಯಾರೂ ಹೇಳದೆಯೇ ಎರಡು ಹುಟ್ಟುಗಳು ಒಟ್ಟಿಗೆ ಬೀಳತೊಡಗುತ್ತವೆ. ಆ ಸಪ್ಪಳ ಕೇಳಲೆಂದೇ ಇಷ್ಟೆಲ್ಲ ಪಾಡು ಪಡಬಹುದು.

ಪಾಡಿನ ಪಟ್ಟಿಯಾದರೋ ದೊಡ್ಡದು. ಇಪ್ಪತ್ತು ಹೆಸರು ಕೊಟ್ಟು ಹನ್ನೆರಡು ಜನ ಬರುವರು. ಹನ್ನೆರಡು ಜನರಿಗೆ ದೋಣಿ ಗೊತ್ತು ಮಾಡಿದರೆ ಹದಿನೆಂಟು ಜನ ಬಂದು ನಿಲ್ಲುವರು. ಒಬ್ಬರು ಹಿಂದಿನ ರಾತ್ರಿಯ ಅಮಲು ಇಳಿಯದೆ ಬರುವರು. ಅಂಥವರನ್ನು ದಡದಲ್ಲಿ ಕೂರಿಸಿದರೆ ಜನ್ಮದ ವೈರ. ಒಬ್ಬರಿಗೆ ಅಂಗಿ ಒದ್ದೆಯಾಗಬಾರದು. ಇನ್ನೊಬ್ಬರಿಗೆ ಮೊಬೈಲು ಒದ್ದೆಯಾಗಬಾರದು, ಆದರೆ ಅದು ಕೈಯಲ್ಲೇ ಇರಬೇಕು. ಊರಿಗೆ ಬರಲಾಗದವರು ಪವಾಯಿ ಕೆರೆಯಲ್ಲೇ ಏಕೆ ನಡೆಸಬಾರದೆಂದು ಕೇಳುತ್ತಾರೆ. ಅಲ್ಲಿ ಮೊಸಳೆಗಳಿವೆ ಎಂದರೆ ನಮ್ಮನ್ನು ಪುಕ್ಕಲರೆನ್ನುತ್ತಾರೆ. ರಾಯಗಡ ಜಿಲ್ಲೆಯ ಕೋಲಾಡದ ಕುಂಡಲಿಕಾ ನದಿ ಮುಂಬಯಿಗೆ ಹತ್ತಿರವೇ. ಆದರೆ ಅಲ್ಲಿಯ ಸೆಳವು ವಿದ್ಯುತ್ತಿಗಾಗಿ ಅಣೆಕಟ್ಟಿನಿಂದ ಬೆಳಿಗ್ಗೆ ಬಿಡುವ ನೀರಿನದು. ಕಲ್ಲುಗಳ ನಡುವೆ ಧುಮುಕುವ ಆ ನೀರಿಗೆ ಹೊಸಬರನ್ನು ಇಳಿಸುವ ಧೈರ್ಯ ನಮಗಿಲ್ಲ.

ಇವೆಲ್ಲ ನಗುತ್ತ ಹೇಳಬಹುದಾದ ಕಷ್ಟಗಳು. ನಗಲಾರದ ಒಂದನ್ನು ಹೇಳುತ್ತೇವೆ.

ಕೆಲವು ವರ್ಷಗಳ ಹಿಂದೆ ಘಟ್ಟದ ಬುಡದ ಊರಿನ ಹುಡುಗನೊಬ್ಬ ತಂಡದಲ್ಲಿದ್ದ. ಈಜು ಬರುವುದೇ ಎಂದು ಕೇಳಿದ್ದಕ್ಕೆ ಬರುವುದೆಂದ. ಬಾರದು. ಕುಂದಾಪುರ ತಾಲೂಕಿನವನಾಗಿ ಈಜು ಬಾರದೆಂದು ಹದಿನೈದು ಜನರೆದುರು ಒಪ್ಪಿಕೊಳ್ಳಲು ನಾಚಿಕೆ. ಜೀವರಕ್ಷಕ ಅಂಗಿಯ ಪಟ್ಟಿಗಳನ್ನು ದಡದಲ್ಲಿ ನಾವೇ ಬಿಗಿದಿದ್ದೆವು. ಚಿತ್ರದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ನಡುವೆ ಅವನು ಸಡಿಲಿಸಿದ್ದ. ದೋಣಿ ಮಗುಚಿತು. ನೀರು ಎದೆಯ ಮಟ್ಟದ್ದು. ಎದ್ದು ನಿಂತಿದ್ದರೆ ಮುಗಿಯುತ್ತಿತ್ತು. ಆದರೆ ಗಾಬರಿಗೊಂಡವನಿಗೆ ನೆಲವೆಂಬುದು ಇರುವುದಿಲ್ಲ. ಸಡಿಲವಾದ ಅಂಗಿ ಮೇಲೇರಿ ಕಿವಿಯವರೆಗೆ ಬಂದಿತು, ದೇಹ ಕೆಳಗೆ ಜಾರಿತು, ಕೈಗೆ ಸಿಕ್ಕಿದ ಜೊತೆಗಾರನ ಕುತ್ತಿಗೆಯನ್ನು ಅವನು ಬಿಡಲಿಲ್ಲ. ಆ ಗಳಿಗೆಯಲ್ಲಿ ನಾವು ಎಲ್ಲಿದ್ದೆವು? ಎಲ್ಲರಿಗಿಂತ ಮುಂದೆ, ಬೆಳ್ಳಕ್ಕಿಗಳನ್ನು ತೋರಿಸುತ್ತ. ತಿರುಗಿ ಬಂದು ತಲುಪುವಷ್ಟರಲ್ಲಿ ಅಲ್ಲಿ ಬಲೆ ಬಿಡುತ್ತಿದ್ದ ಒಬ್ಬ ಹಿರಿಯರು ಇಬ್ಬರನ್ನೂ ಕೂದಲು ಹಿಡಿದು ಎತ್ತಿ ನಿಲ್ಲಿಸಿಯಾಗಿತ್ತು. ಅವರು ನಮಗೆ ಒಂದೇ ಮಾತು ಹೇಳಿದರು: “ಮಕ್ಕಳ್ನ್ ಕರ್ಕಂಡ್ ಬಂದೋರ್ ಮುಂದ್ ಹೋಪುದಲ್ಲ.”

ಅಂದಿನಿಂದ ನಾವು ಹಿಂದಿನ ದೋಣಿಯವರು. ಮುಂದೆ ಆ ನೀರನ್ನು ಬಲ್ಲ ಊರಿನ ತರುಣನೊಬ್ಬ, ನಡುವೆ ಎಲ್ಲರೂ, ಎಲ್ಲರಿಗೂ ಹಿಂದೆ ನಾವು, ಸೀಟಿಯನ್ನು ಕುತ್ತಿಗೆಗೆ ಕಟ್ಟಿಕೊಂಡು. ಎಲ್ಲರಿಗಿಂತ ನಿಧಾನವಾದ ದೋಣಿಯ ವೇಗವೇ ತಂಡದ ವೇಗ. ಇದರಿಂದ ಬಲಶಾಲಿಗಳಿಗೆ ಬೇಸರವಾಗುತ್ತದೆಂಬುದನ್ನು ಬಲ್ಲೆವು. ಆಗಲಿ.

ಮುಂದೆ ಹೋಗಿಬಿಟ್ಟವರ, ಬಂದ ಎಚ್ಚರಿಕೆಯನ್ನು ಮಡಚಿಟ್ಟವರ ಕಥೆ ಬೇರೆ ಕಡೆಯೂ ನಡೆದಿದೆ. ೧೯೯೩ರ ಮಾರ್ಚ್ ೨೨ರಂದು ಇಂಗ್ಲೆಂಡಿನ ದಕ್ಷಿಣ ತೀರದ ಲೈಮ್ ಕೊಲ್ಲಿಯಲ್ಲಿ ಎಂಟು ಶಾಲಾಮಕ್ಕಳು, ಒಬ್ಬ ಉಪಾಧ್ಯಾಯರು, ಇಬ್ಬರು ಶಿಕ್ಷಕರು ಕಯಾಕುಗಳಲ್ಲಿ ಹೊರಟರು. ಉಪಾಧ್ಯಾಯರ ದೋಣಿ ಮತ್ತೆ ಮತ್ತೆ ಮಗುಚಿತು; ಒಬ್ಬ ಶಿಕ್ಷಕ ಅವರ ಸಹಾಯಕ್ಕೆ ನಿಂತ; ಅಷ್ಟರಲ್ಲಿ ಉಳಿದವರನ್ನು ಗಾಳಿ ಸಮುದ್ರದೊಳಕ್ಕೆ ಒಯ್ದಿತು. ಆ ತಣ್ಣೀರಿನಲ್ಲಿ ನಾಲ್ವರು ಮಕ್ಕಳು ತೀರಿಕೊಂಡರು. ಆ ಕೇಂದ್ರದಲ್ಲಿ ಮೊದಲು ದುಡಿಯುತ್ತಿದ್ದವರು ಇಲ್ಲಿ ಸುರಕ್ಷತೆ ಸಾಲದು ಎಂದು ಯಜಮಾನನಿಗೆ ಮುಂಚೆಯೇ ಕಾಗದ ಬರೆದು ಎಚ್ಚರಿಸಿದ್ದರು. ೧೯೯೪ರಲ್ಲಿ ಆತನಿಗೆ ಸೆರೆವಾಸವಾಯಿತು. ೧೯೯೫ರಲ್ಲಿ ಇಂಥ ಕೇಂದ್ರಗಳಿಗೆ ಪರವಾನಗಿ ಬೇಕೆಂಬ ಕಾನೂನು ಬಂದಿತು. ನಮ್ಮ ದೇಶದಲ್ಲಿ ೨೦೨೪ರ ಜನವರಿ ೧೮ರಂದು ವಡೋದರೆಯ ಹರಣಿ ಕೆರೆಯಲ್ಲಿ ವಿಹಾರಕ್ಕೆ ಹೋದ ದೋಣಿ ಮಗುಚಿ ಹನ್ನೆರಡು ಮಕ್ಕಳೂ ಇಬ್ಬರು ಶಿಕ್ಷಕಿಯರೂ ಪ್ರಾಣ ಬಿಟ್ಟರು. ಅದು ಸಮುದ್ರವಲ್ಲ, ನದಿಯೂ ಅಲ್ಲ, ಊರ ನಡುವಣ ಕೆರೆ. ನೀರಿಗೆ ಬೀಳುತ್ತಾನೆ, ಅಷ್ಟೆ ಎಂದು ಮೇಲೆ ಬರೆದೆವಲ್ಲ. ಆ ‘ಅಷ್ಟೆ’ ಇದು.

ಇನ್ನು ಆ ದಿನದ ಮಾತಿಗೆ ಬರುತ್ತೇವೆ. ಅಮಾವಾಸ್ಯೆಯ ಮರುದಿನವಾದ್ದರಿಂದ ಏರಿಳಿತ ದೊಡ್ಡದಿತ್ತು. ಮುಂಬಯಿಯ ಮಳೆಗಾಲದ ದೊಡ್ಡ ಉಬ್ಬರ ನಾಲ್ಕೂವರೆ ಮೀಟರು ದಾಟುವುದನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ನಮ್ಮೂರ ತೀರದಲ್ಲಿ ಅದರ ಅರ್ಧವೂ ಇಲ್ಲ. ಆದರೆ ಸೀತೆಯ ಮತ್ತು ಸ್ವರ್ಣೆಯ ನೀರೆಲ್ಲ ಕೋಡಿ ಬೆಂಗ್ರೆಯ ಒಂದೇ ಬಾಯಿಯಿಂದ ಕಡಲಿಗೆ ಹೋಗಬೇಕು. ಉಬ್ಬರ ತುಂಬಿದ ಮೇಲೆ ಇಳಿತಕ್ಕೆ ಸುಮಾರು ಆರು ಗಂಟೆ. ಆ ಆರರಲ್ಲಿ ನಡುವಿನ ಎರಡು ಗಂಟೆಗಳಲ್ಲೇ ಹೆಚ್ಚುಕಡಿಮೆ ಅರ್ಧ ನೀರು ಹರಿದುಹೋಗುತ್ತದೆ. ನಾವು ಕಾಂಡ್ಲಾ ಕಾಲುವೆಗಳಿಂದ ಹೊರಬಂದದ್ದು ಸರಿಯಾಗಿ ಆ ಹೊತ್ತಿಗೆ. ಕೆಳಗಡೆಗೆ ದೋಣಿ ತಾನಾಗಿ ಹೋಗುತ್ತಿತ್ತು, ಹುಟ್ಟು ಹಾಕುವ ಅಗತ್ಯವೇ ಇರಲಿಲ್ಲ. ಅದನ್ನು ಕಂಡೇ ಪತ್ರಬರಹಗಾರರು “ಇಷ್ಟು ಸಲೀಸಾಗಿ ಹೋಗುತ್ತಿದೆಯಲ್ಲ, ಅಳಿವೆಗೆ ಹೋಗಿ ಬರೋಣ” ಎಂದದ್ದು. ಸಲೀಸಾಗಿ ಹೋಗುತ್ತಿದ್ದುದೇ ನಮ್ಮ ಭಯ. ಅದೇ ನೀರಿಗೆ ಎದುರಾಗಿ, ದಣಿದ ಹದಿನಾರು ಜನ ಹಿಂದಿರುಗಬೇಕಾಗಿತ್ತು. ಮಧ್ಯಾಹ್ನದ ಪಡುವಣ ಗಾಳಿಯೂ ಎದ್ದಿತ್ತು. ಹೊರಕ್ಕೆ ಹರಿಯುವ ನೀರಿಗೆ ಒಳಕ್ಕೆ ಬೀಸುವ ಗಾಳಿ ಎದುರಾದರೆ ಅಳಿವೆಯಲ್ಲಿ ಅಲೆಗಳು ಕಡಿದಾಗಿ ನಿಲ್ಲುತ್ತವೆ. ಮುಂದಿನ ತರುಣ ತಿರುಗಿ ನಮ್ಮ ಮುಖ ನೋಡಿದ. ನಾವು ಸೀಟಿ ಊದಿದೆವು.

ನಮ್ಮ ತಪ್ಪು ಇಲ್ಲವೆಂದು ಹೇಳುತ್ತಿಲ್ಲ. ಏಳೂವರೆಗೆ ನೀರಿಗಿಳಿಯಬೇಕಾಗಿದ್ದ ತಂಡ ಇಳಿದದ್ದು ಹತ್ತೂಮುಕ್ಕಾಲಕ್ಕೆ. ರೈಲು ತಡವಾಯಿತು, ನಿಜ. ಆದರೆ ಸಾಲಿಗ್ರಾಮದಲ್ಲಿ ತಿಂಡಿಗೆ ಕುಳಿತವರನ್ನು ಎಬ್ಬಿಸಲು ನಮಗೆ ಸಂಕೋಚವಾಯಿತು. ಹೋಟೆಲಿನವನಾಗಿ ತಿನ್ನುವವರನ್ನು ಎಬ್ಬಿಸುವ ಅಭ್ಯಾಸ ನಮಗಿಲ್ಲ. ಬೇಗ ಇಳಿದಿದ್ದರೆ ಏರುವ ನೀರಿನಲ್ಲೇ ಕೆಳಗೆ ಹೋಗಿ, ಅಳಿವೆಯನ್ನು ದೂರದಿಂದಲಾದರೂ ಕಂಡು, ಅದೇ ನೀರಿನ ಮೇಲೆ ಹಿಂದಿರುಗಬಹುದಾಗಿತ್ತು. ಹಿಂದಿರುಗುವಾಗ ಗೊಣಗಿದವರ ಮೇಲೆ ನಾವು ಗಲ್ಲಾದ ದನಿಯಲ್ಲಿ ಗದರಿದ್ದೂ ಸರಿಯಲ್ಲ. ಇವೆರಡಕ್ಕೂ ಕ್ಷಮೆ ಕೇಳುತ್ತೇವೆ. ದೋಣಿಗಳನ್ನು ತಿರುಗಿಸಿದ್ದಕ್ಕೆ ಕೇಳುವುದಿಲ್ಲ.

ಹೋಟೆಲ್ ಮಾಲೀಕರಾದ ನಮ್ಮ ಮಿತ್ರರಿಗೂ ಒಂದು ಮಾತು ಇಲ್ಲಿಯೇ ಸಲ್ಲಬೇಕು. ರೈಲು ತಡವಾದರೂ ಅದೇ ದಿನ ಅಳಿವೆ ನೋಡಲೇಬೇಕೆಂಬ ಹಟ ಏಕೆ ಹುಟ್ಟುತ್ತದೆ? ಮರುದಿನವೆಂಬುದು ಇಲ್ಲದಿರುವುದರಿಂದ. ಹದಿನಾರು ಜನರಲ್ಲಿ ಹನ್ನೊಂದು ಜನಕ್ಕೆ ಮರುದಿನ ರಾತ್ರಿ ಮುಂಬಯಿಯಲ್ಲಿ ಹಾಜರಿ ಇತ್ತು. ವಾರಕ್ಕೊಂದು ರಜೆಯನ್ನು ಮಹಾರಾಷ್ಟ್ರದ ೨೦೧೭ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಗಲ್ಲಾದ ಹಿಂದೆ ಕುಳಿತಿದ್ದಾಗ ನಾವೂ ಅದನ್ನು ಮರೆತವರೇ, ಆದುದರಿಂದ ಯಾರ ಮೇಲೂ ಬೆರಳು ತೋರಿಸುವುದಿಲ್ಲ. ಒಂದು ದಿನ ಹೆಚ್ಚು ಕೊಟ್ಟುನೋಡಿ ಎನ್ನುತ್ತೇವೆ. ಒಂದು ದಿನ ಕೈಯಲ್ಲಿದ್ದರೆ ನಾಳೆ ಬೆಳಿಗ್ಗೆ ಹೋಗೋಣ ಎನ್ನಬಹುದು; ತಂಡ ನಡೆಸುವವನಿಗೆ ಅದಕ್ಕಿಂತ ದೊಡ್ಡ ರಕ್ಷಣೆ ಬೇರೊಂದಿಲ್ಲ.

ಅಂದು ಮುಳುಗಿದ ಹುಡುಗ ಈಗ ಮಧ್ಯಾಹ್ನದ ಪಾಳಿಯಲ್ಲಿದ್ದಾನೆ. ಬೆಳಿಗ್ಗೆ ನಗರಸಭೆಯ ಕೊಳಕ್ಕೆ ಹೋಗಿ ಈಜು ಕಲಿತ. ಪ್ರತಿ ವರ್ಷ ಬರುತ್ತಾನೆ. ದಡದಲ್ಲಿ ಎಲ್ಲರ ಅಂಗಿಯ ಪಟ್ಟಿಯನ್ನೂ ಎಳೆದು ನೋಡುವ ಕೆಲಸ ಅವನದು, ನಮ್ಮದನ್ನೂ ಬಿಡುವುದಿಲ್ಲ.

ಪತ್ರಬರಹಗಾರರ ಹಣವನ್ನು ನಮ್ಮ ಕಿಸೆಯಿಂದ ಇಂದೇ ಕಳುಹಿಸಿದ್ದೇವೆ. ಮುಂದಿನ ಪ್ರವಾಸ ಮಾಘ ಮಾಸದಲ್ಲಿ. ಸಾಲಿಗ್ರಾಮದಲ್ಲಿ ಹಿಂದಿನ ರಾತ್ರಿಯೇ ತಂಗುವುದು. ನೀರಿಗಿಳಿಯುವುದು ಬೆಳಿಗ್ಗೆ ಏಳೂವರೆಗೆ. ತಿಂಡಿ ನೀರಿನಿಂದ ಬಂದ ಮೇಲೆ. ಹದಿನಾರು ಜನರಿಗಿಂತ ಹೆಚ್ಚಿಗೆ ಇಲ್ಲ. ಹೆಸರು ಕೊಡುವವರು ಈಜು ಬಾರದಿದ್ದರೆ ಬಾರದೆಂದೇ ಬರೆಯಬೇಕು. ಅಂಥವರಿಗೂ ಸ್ಥಳವುಂಟು, ನಮ್ಮ ದೋಣಿಯ ಸಮೀಪದಲ್ಲಿ. ಫೋರ್ಟಿನ ಮಹಾಶಯರು ಬರುವುದಾದರೆ ಮುಂದಿನ ಸಾಲಿನ ಮೊದಲ ದೋಣಿ ಅವರಿಗೆ ಮೀಸಲು.