ಜನಗಣತಿಯಲ್ಲಿ ಮಾತೃಭಾಷೆ: ಪಾಲಕರ ಪ್ರಶ್ನೆಗಳಿಗೆ ಉತ್ತರ

ಲೋಹಾರಾ, ಉಮರ್ಗಾ, ನಿಲಂಗಾ, ಉದಗೀರ ಭಾಗದ ಕನ್ನಡ ಶಾಲೆಗಳ ಪಾಲಕರು ನಮ್ಮನ್ನು ಮೇಲಿಂದ ಮೇಲೆ ಕೇಳುವುದುಂಟು: ಮಹಾರಾಷ್ಟ್ರದಲ್ಲಿದ್ದು ಮಾತೃಭಾಷೆ ಕನ್ನಡವೆಂದು ಬರೆಸಬಹುದೇ? ಅವಶ್ಯ ಬರೆಸಬಹುದು. ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ನುಡಿಯೇ ಮಾತೃಭಾಷೆ ಎಂಬುದು ಗಣತಿಯ ವ್ಯಾಖ್ಯೆ. ವಾಸಿಸುವ ರಾಜ್ಯವಾಗಲಿ, ಓದಿದ ಶಾಲೆಯಾಗಲಿ ಅದನ್ನು ನಿರ್ಣಯಿಸದು.

ಹಾಗಾದರೆ ನಮ್ಮ ಮರಾಠಿ ಲೆಕ್ಕಕ್ಕಿಲ್ಲವೇ? ಇದೆ. 2011ರ ನಮೂನೆಯಲ್ಲಿ ಬಲ್ಲ ಇನ್ನೆರಡು ಭಾಷೆಗಳಿಗೆ ಬೇರೆಯೇ ಪ್ರಶ್ನೆಯಿತ್ತು.

ಮರಾಠಿ ಮನೆಯಿಂದ ಬಂದ ಸೊಸೆಯದು? ಮರಾಠಿಯೇ, ಸುಳ್ಳು ಬರೆಸುವುದು ಬೇಡ. ಆಕೆ ಕೂಸಿನೊಡನೆ ಕನ್ನಡವಾಡಿದರೆ ಕೂಸಿನದು ಕನ್ನಡ. ಆದ್ದರಿಂದ ಯಜಮಾನರ ಉತ್ತರವನ್ನೇ ಮನೆಮಂದಿಗೆಲ್ಲ ಅನ್ವಯಿಸದೆ ಒಬ್ಬೊಬ್ಬರದನ್ನೂ ಹೇಳಿ ಬರೆಸಬೇಕು.

ಯಾವಾಗ? ಮನೆಪಟ್ಟಿಯ ಹಂತದ 33 ಪ್ರಶ್ನೆಗಳಲ್ಲಿ ಮಾತೃಭಾಷೆಯಿಲ್ಲ. ವ್ಯಕ್ತಿಗಳ ಎಣಿಕೆ 2027ರ ಫೆಬ್ರವರಿಯಲ್ಲಿ.

ಇಷ್ಟು ಎಚ್ಚರವೇಕೆ? ತಾಲ್ಲೂಕಿನ ಜನಸಂಖ್ಯೆಯಲ್ಲಿ ಭಾಷಾ ಅಲ್ಪಸಂಖ್ಯಾತರು ಶೇ. 15ರಷ್ಟಿದ್ದರೆ ಮುಖ್ಯ ಕಾನೂನು, ನಿಯಮಗಳ ಸಾರಾಂಶ ಅವರ ನುಡಿಯಲ್ಲೂ ಪ್ರಕಟವಾಗಬೇಕೆಂಬುದು ಒಪ್ಪಿತ ಸೂತ್ರ. ಸಂವಿಧಾನದ 350ಎ ವಿಧಿ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಬೇಕೆನ್ನುತ್ತದೆ. ಶಾಲೆಗೆ ಕನ್ನಡ ಶಿಕ್ಷಕರನ್ನು ಕೇಳಹೋದಾಗ ನಮ್ಮ ಕೈಯಲ್ಲಿರುವ ಆಧಾರ ಈ ಸಂಖ್ಯೆಯೇ. ಮನೆಯಲ್ಲಿ ಆಡುವ ನುಡಿ ಕಾಗದದಲ್ಲೂ ಇರಲಿ.